ಹಗುರ ಗುಂಡು

ನನ್ನ ಕೈಗೆ ಮೊದಲ ಸಲ ಪಿಸ್ತೂಲು ಕೊಟ್ಟಾಗ ಅದರೊಳಗೆ ಇದ್ದದ್ದು ಪ್ಲಾಸ್ಟಿಕ್ ಗುಂಡು. ಕೆಂಪು ಬಣ್ಣದ್ದು, ಔಷಧದ ಕ್ಯಾಪ್ಸೂಲಿನಷ್ಟು. ಅಂಗೈಯಲ್ಲಿ ಹಿಡಿದರೆ ಹಿಡಿದ ಹಾಗೇ ಅನಿಸುತ್ತಿರಲಿಲ್ಲ.

ಆಗ ನಾನು ಒಂದು ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಲೇಡಿ ಗಾರ್ಡ್ ಆಗಿದ್ದೆ. ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳಿಗೆ ಬರವಿಲ್ಲ. ಅದರಲ್ಲಿ ಯಾವುದು ಎಂದು ನಾನು ಹೇಳುವುದಿಲ್ಲ. ನಾವು ಕಾರ್ಖಾನೆಯ ನೌಕರರೂ ಆಗಿರಲಿಲ್ಲ. ಹೈದರಾಬಾದಿನ ಒಂದು ಏಜೆನ್ಸಿ ನಮ್ಮನ್ನು ಗುತ್ತಿಗೆಯ ಮೇಲೆ ಕಳಿಸಿತ್ತು. ನನ್ನ ಗಂಡ ರೈಲ್ವೆಯಲ್ಲಿ ಟ್ರ್ಯಾಕ್‌ಮನ್. ವಾಡಿಯಲ್ಲಿ ಮನೆ. ಬೆಳಿಗ್ಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಟಂಟಂ ಆಟೋ ಹತ್ತಿ ಹೋದರೆ, ಒಳಗೆ ಹೋಗುವ ಹೊರಗೆ ಬರುವ ಹೆಣ್ಣಾಳುಗಳ ಚೀಲ, ಡಬ್ಬಿ ತೆರೆಸಿ ನೋಡುವುದು ದಿನವಿಡೀ ಕೆಲಸ. ಬಡವರ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬಿಟ್ಟು ಏನಿರುತ್ತದೆ? ಆದರೂ ನೋಡಬೇಕು. ನೋಡಿದರೆ ಅವರಿಗೂ ಸಿಟ್ಟು, ನಮಗೂ ನಾಚಿಕೆ.

ನನ್ನ ಜೊತೆ ಇನ್ನೊಬ್ಬಳಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಸುಲೇಪೇಟದ ಆಚೆ, ತೆಲಂಗಾಣದ ಗಡಿಗೆ ಹತ್ತಿದ ಊರು ಅವಳದು. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. ಗಂಡ ಸತ್ತ ಮೇಲೆ ಮೈದುನಂದಿರು ಹೊಲದಲ್ಲಿ ಕಾಲಿಡಗೊಡಲಿಲ್ಲ. ಒಬ್ಬಳೇ ಮಗಳನ್ನು ಚಿಂಚೋಳಿಯ ಹಾಸ್ಟೆಲಿನಲ್ಲಿ ಬಿಟ್ಟು ವಾಡಿಗೆ ಬಂದು, ನಮ್ಮ ಓಣಿಯಲ್ಲೇ ಒಂದು ಕೋಣೆ ಹಿಡಿದಿದ್ದಳು. ಎತ್ತರದ ಹೆಂಗಸು. ಗಾರ್ಡಿನ ಖಾಕಿ ಅಂಗಿ ನನಗೆ ಚೀಲದ ಹಾಗೆ ಜೋತು ಬೀಳುತ್ತಿತ್ತು, ಅವಳಿಗೆ ಅಳತೆ ತೆಗೆದು ಹೊಲಿದಂತೆ ಕೂಡುತ್ತಿತ್ತು.

ಒಂದು ದಿನ ಸೆಕ್ಯೂರಿಟಿ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಅವರು ಫೌಜಿನಿಂದ ನಿವೃತ್ತರಾಗಿ ಬಂದವರು, ಲಾತೂರಿನ ಕಡೆಯವರು. ಅರ್ಧ ಹಿಂದಿ, ಅರ್ಧ ಕನ್ನಡ ಅವರ ಮಾತು.

"ಹೆಡ್ ಆಫೀಸಿನವರು ಗೇಟಿನ ಮೇಲ ಹೆಣ್ಮಕ್ಕಳ ಸೊಂಟಕ್ಕ ಪಿಸ್ತೂಲ್ ನೋಡಬೇಕಂತಾರ," ಅಂದರು. "ಬೇರೆ ಫ್ಯಾಕ್ಟರಿದಾಗ ಯಾರೂ ಮಾಡಿಲ್ಲ ಅಂತ. ನಾ ನಿಮ್ಮಿಬ್ಬರ ಹೆಸರು ಕೊಟ್ಟೀನಿ."

ನನ್ನನ್ನು ಯಾಕೆ ಆರಿಸಿದರು ಎಂಬುದು ಗೊತ್ತಿತ್ತು. ಸೇಡಂ ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ, ರೈಫಲ್ ಹಿಡಿದಿದ್ದೆ. ಪೊಲೀಸ್ ಆಗಬೇಕೆಂದು ಎರಡು ಸಲ ಓಟಕ್ಕೆ ನಿಂತು ಎರಡು ಸಲವೂ ಎತ್ತರ ಸಾಲದೆ ವಾಪಸು ಬಂದಿದ್ದೆ. ಅಕ್ಕನನ್ನು ಆರಿಸಿದ್ದು ಅವಳ ಎತ್ತರ ನೋಡಿ. ಫೋಟೋದಲ್ಲಿ ಚೆನ್ನಾಗಿ ಕಾಣಬೇಕಲ್ಲ.

ಅಕ್ಕ ಹೊರಗೆ ಬಂದವಳೇ, "ನಾ ಒಲ್ಲೆ ತಂಗಿ," ಅಂದಳು. ಗಣಿಯಲ್ಲಿ ಮಧ್ಯಾಹ್ನ ಬ್ಲಾಸ್ಟಿಂಗಿನ ಸೈರನ್ ಕೂಗಿದರೆ ಸಾಕು, ಎರಡೂ ಕಿವಿಗೆ ಬೆರಳು ತುರುಕಿ ಗೋಡೆಗೆ ಒರಗಿ ನಿಲ್ಲುವವಳು ಅವಳು. ದೀಪಾವಳಿಯಲ್ಲಿ ಮಗಳು ಪಟಾಕಿ ಹಚ್ಚಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ಅಂಥವಳಿಗೆ ಪಿಸ್ತೂಲು.

ಸಾಹೇಬರು ಒತ್ತಾಯ ಮಾಡಲಿಲ್ಲ. ಮರುದಿನ ಒಂದು ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಅವೇ ಆ ಕೆಂಪು ಗುಂಡುಗಳು. ಇದರಲ್ಲಿ ಮದ್ದು ಇಲ್ಲ, ಹಿಂದೆ ಒಂದು ಕೇಪು ಮಾತ್ರ ಇದೆ, ಅದು ಸಿಡಿದ ಜೋರಿಗೇ ಗುಂಡು ಹಾರುತ್ತದೆ, ಕಲಿಯುವವರಿಗೆಂದೇ ಮಾಡಿದ್ದು ಎಂದು ಬಿಡಿಸಿ ಹೇಳಿದರು. ಹಳೆಯ ಗೋದಾಮಿನಲ್ಲಿ ಲಾರಿಗೆ ಹೊದಿಸುವ ತಾಡಪತ್ರಿಯನ್ನು ಎರಡು ಪದರು ಇಳಿಬಿಟ್ಟು, ಅದರ ಮುಂದೆ ರಟ್ಟಿನ ತುಂಡು ನಿಲ್ಲಿಸಿದ್ದರು. ತಾವೇ ಒಂದು ಹೊಡೆದು ತೋರಿಸಿದರು. ಒಣಕಟ್ಟಿಗೆ ಮುರಿದಷ್ಟೇ ಸದ್ದು. ತಾಡಪತ್ರಿಗೆ ಬಡಿದ ಗುಂಡು ಕೆಳಗೆ ಬಿತ್ತು. ಎತ್ತಿಕೊಂಡು ಒರೆಸಿ, ಮತ್ತೆ ಹಾಕಿಕೊಳ್ಳಬಹುದು ಎಂದರು.

ಅಕ್ಕ ಒಂದನ್ನು ಅಂಗೈಯಲ್ಲಿ ಹಿಡಿದು ನೋಡಿದಳು. "ಇದರಾಗ ಏನದ ತಂಗಿ? ಹುಣಸಿಬೀಜದಷ್ಟು ಸೈತ ವಜ್ಜಿ ಇಲ್ಲ."

ಸಾಹೇಬರು ಅದನ್ನು ಕೇಳಿಸಿಕೊಂಡರು. "ಹಗರ ಅದ ಅಂತ ಆಟಿಕಿ ಅನ್ಕೋಬ್ಯಾಡ ಬೇಟಾ. ಸಮೀಪಿದ್ರ ಕಣ್ಣು ಹೋಗ್ತದ," ಎಂದು ಇಬ್ಬರಿಗೂ ಒಂದೊಂದು ಪಾರದರ್ಶಕ ಕನ್ನಡಕ ಕೊಟ್ಟರು. ಅದು ಇಲ್ಲದೆ ಗೋದಾಮಿನೊಳಗೆ ಬಿಡುತ್ತಿರಲಿಲ್ಲ. ಒಂದು ದಿನ ನಾನು ಮರೆತು ಬಂದಾಗ, ಗೇಟಿನವರೆಗೂ ವಾಪಸು ಕಳಿಸಿ ತರಿಸಿದರು. ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಆ ಮನುಷ್ಯನಿಗೆ ಗೊತ್ತಿರಲಿಲ್ಲ ಎಂದು ಯಾರೂ ಅನ್ನಬಾರದು. ಎಲ್ಲ ಗೊತ್ತಿತ್ತು.

ಆ ಪ್ಲಾಸ್ಟಿಕ್ ಗುಂಡು ಅಕ್ಕನ ಅಂಜಿಕೆ ಕಳೆಯಿತು. ಮೊದಲ ವಾರ ಕಣ್ಣು ಮುಚ್ಚಿ ಪಿಸ್ತೂಲಿನ ಕುದುರೆ ಎಳೆಯುತ್ತಿದ್ದಳು. ಆಮೇಲೆ ಒಂದು ಕಣ್ಣು ತೆರೆದಳು. ತಿಂಗಳಾಗುವಷ್ಟರಲ್ಲಿ ರಟ್ಟಿನ ಮೇಲೆ ಬರೆದ ವೃತ್ತದೊಳಗೆ ಹೊಡೆಯುತ್ತಿದ್ದಳು, ತಪ್ಪಿದರೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹೊಡೆದಾದ ಮೇಲೆ ನಾವಿಬ್ಬರೂ ನೆಲದ ಮೇಲೆ ಕೂತು ಕೆಂಪು ಗುಂಡುಗಳನ್ನು ಆರಿಸುತ್ತಿದ್ದೆವು, ಕಾಳು ಹಸನು ಮಾಡುವ ಹಾಗೆ. ಅವಳು ನಗುತ್ತಿದ್ದಳು. ಅಷ್ಟು ನಗುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಅವಳ ನಡಿಗೆ ಬದಲಾಯಿತು. ಗೇಟಿನಲ್ಲಿ ಲಾರಿ ನಿಲ್ಲಿಸಿ ಇವಳಿಗೆ ಏನಾದರೊಂದು ಅಂದು ಹೋಗುವ ಒಬ್ಬ ಡ್ರೈವರ್ ಇದ್ದ. ಗಂಡನಿಲ್ಲದವಳು ಎಂದು ಎಲ್ಲರಿಗೂ ಗೊತ್ತಲ್ಲ. ಇವಳು ಪಿಸ್ತೂಲು ಕಲಿಯುತ್ತಿದ್ದಾಳೆ ಎಂಬ ಸುದ್ದಿ ಹಬ್ಬಿದ ಮೇಲೆ ಅವನು "ಮೇಡಂ" ಅನ್ನತೊಡಗಿದ. ಸಂಜೆ ಟಂಟಂನಲ್ಲಿ ಅದನ್ನು ನೆನೆದು ಅಕ್ಕ ಹೇಳಿದಳು: "ನೋಡು ತಂಗಿ, ಇನ್ನಾ ಖರೆ ಗುಂಡು ಕೈಗೆ ಬಂದೇ ಇಲ್ಲ. ಪಿಲಾಸ್ಟಿಕ್ಕಿಗೇ ಇಷ್ಟು ಅಂಜತಾರ."

ಮಗಳಿಗೆ ಫೋನಿನಲ್ಲಿ ದಿನಾ ಇದೇ ಮಾತು. ರಜೆಗೆ ಬಂದಾಗ ಆ ಹುಡುಗಿ ಖಾಕಿ ಅಂಗಿ ತೊಟ್ಟ ತಾಯಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿತ್ತು.

ಕಾರ್ಖಾನೆಯ ಹೆಸರಿನಲ್ಲಿದ್ದ ಲೈಸೆನ್ಸಿಗೆ ನಮ್ಮಿಬ್ಬರ ಹೆಸರು ಸೇರಿಸಲು ಕಾಗದ ಹೋಗಿತ್ತು. ಮಂಜೂರಾಗಿ ಬಂದಿರಲಿಲ್ಲ. ಬರುವ ಮೊದಲೇ ಹೆಡ್ ಆಫೀಸಿನಿಂದ ಒಬ್ಬ ದೊಡ್ಡ ಮನುಷ್ಯ ಬರುತ್ತಾನೆ, ಹೆಣ್ಣುಮಕ್ಕಳು ಗುಂಡು ಹೊಡೆಯುವುದನ್ನು ವಿಡಿಯೋ ಮಾಡಿಸುತ್ತಾನೆ ಎಂಬ ಸುದ್ದಿ ಬಂತು. ಗೋದಾಮಿನ ತಾಡಪತ್ರಿ, ಕಟ್ಟಿಗೆ ಮುರಿದಂಥ ಸದ್ದು ವಿಡಿಯೋಗೆ ಸಾಲದು. ಹಾಗಾಗಿ ಶಹಾಬಾದ್ ಕಡೆ ಬಿಟ್ಟುಬಿಟ್ಟಿದ್ದ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಒಂದು ಹಳೆಯ ಖಣಿಗೆ ಹೋಗುವುದೆಂದು ಆಯಿತು. ಅಲ್ಲಿ ಗುಂಡು ಹೊಡೆಯಲು ಯಾರ ಪರವಾನಗಿಯೂ ಇರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಆ ದಿನ ಬಿಸಿಲು ಕೆಂಡದಂತಿತ್ತು. ಪದರು ಪದರಾಗಿ ಕೊಯ್ದ ಕಲ್ಲಿನ ಗೋಡೆ ಮೂರು ಕಡೆ, ಮೂಲೆಯಲ್ಲಿ ಹಸಿರುಗಟ್ಟಿದ ನೀರು. ಕಾರ್ಖಾನೆಯಿಂದ ತಂದ ಒಂದು ಹಳೆಯ ಉಕ್ಕಿನ ತಗಡನ್ನು ಕಲ್ಲಿಗೆ ಒರಗಿಸಿ ನಿಲ್ಲಿಸಿದ್ದರು. ಕಲ್ಲು ಪುಡಿ ಮಾಡುವ ಯಂತ್ರದ್ದು ಅದು. ಮೈತುಂಬ ಗುಳಿ ಬಿದ್ದು ಸಿಡುಬಿನ ಮುಖದಂತಾಗಿತ್ತು. ಗುಂಡು ತಾಗಿದರೆ ಠಣ್ ಎಂದು ಸದ್ದು ಬರುತ್ತದೆ, ವಿಡಿಯೋದಲ್ಲಿ ಚೆನ್ನಾಗಿರುತ್ತದೆ ಎಂದು ಕ್ಯಾಮೆರಾದವನು ಕೇಳಿದ್ದನಂತೆ.

ಹೈದರಾಬಾದಿನಿಂದ ಗುಂಡು ಮಾರುವ ಕಡೆಯವನೊಬ್ಬ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಸಣ್ಣ ಸೂಟ್‌ಕೇಸು. ಅವನು ತಂದ ಗುಂಡುಗಳು ನಮ್ಮ ಕೆಂಪು ಗುಂಡುಗಳಲ್ಲ. ಇವು ತಾಮ್ರದ ಪುಡಿಯನ್ನು ಪ್ಲಾಸ್ಟಿಕ್ಕಿನ ಜೊತೆ ಕಲೆಸಿ ಒತ್ತಿದವು, ಕಂದು ಬಣ್ಣ, ಇವುಗಳಲ್ಲಿ ಮದ್ದೂ ಇತ್ತು. ಸೀಸದ ಗುಂಡಿಗಿಂತ ಹಗುರ, ಅದಕ್ಕಿಂತ ಜೋರಾಗಿ ಹೋಗುತ್ತದೆ, ಮನುಷ್ಯನಿಗೆ ತಾಗಿದರೆ ಕೆಡವುತ್ತದೆ, ಆದರೆ ಗೋಡೆಗೋ ಕಬ್ಬಿಣಕ್ಕೋ ಬಡಿದರೆ ಅಲ್ಲೇ ಪುಡಿಯಾಗುತ್ತದೆ, ಸಿಡಿದು ವಾಪಸು ಬರುವುದಿಲ್ಲ, ಕಾರ್ಖಾನೆಯಂಥ ಜಾಗದಲ್ಲಿ ಕಾವಲಿಗೆ ಇದೇ ಸರಿ ಎಂದು ಅವನು ಹಿಂದಿಯಲ್ಲಿ ಒಪ್ಪಿಸಿದ. ಎಷ್ಟು ಸಲ ಹೇಳಿದ್ದನೋ, ಉಸಿರು ತೆಗೆದುಕೊಳ್ಳದೆ ಹೇಳಿದ.

ಸಾಹೇಬರು ತಗಡಿನ ಮೇಲೆ ಕೈಯಾಡಿಸಿ, "ಇದು ಸಪಾಟ್ ಇಲ್ಲ," ಅಂದರು. ಅಷ್ಟೇ ಅಂದರು. ದೊಡ್ಡ ಮನುಷ್ಯ ಗಡಿಯಾರ ನೋಡುತ್ತಿದ್ದ.

ಕನ್ನಡಕಗಳ ವಿಷಯ. ನಮ್ಮಿಬ್ಬರವೂ ಸೇರಿ ಸಾಹೇಬರ ಚೀಲದಲ್ಲಿದ್ದವು ಮೂರೇ. ಒಂದು ದೊಡ್ಡ ಮನುಷ್ಯನಿಗೆ, ಒಂದು ಗುಂಡು ಮಾರುವವನಿಗೆ, ಒಂದು ಕ್ಯಾಮೆರಾದವನಿಗೆ. ನಮ್ಮಿಬ್ಬರಿಗೆ ಇಲ್ಲ. ಕ್ಯಾಮೆರಾದವನೇ ಇನ್ನೊಂದು ಮಾತು ಸೇರಿಸಿದ, ಕನ್ನಡಕವಿಲ್ಲದಿದ್ದರೆ ಇವರ ಮುಖ ಚೆನ್ನಾಗಿ ಕಾಣುತ್ತದೆ ಎಂದು.

ಮೊದಲು ನಾನು ಹೊಡೆದೆ. ಕಿವಿ ಗುಂಯ್ ಎಂದಿತು, ಕೈ ಮೇಲೆ ಹಾರಿತು, ತಗಡು ಠಣ್ ಎಂದಿತು. ಆಮೇಲೆ ಅಕ್ಕ. ಅಷ್ಟು ದೊಡ್ಡ ಸದ್ದಿಗೂ ಅವಳು ಹಿಂಜರಿಯಲಿಲ್ಲ. ಹೊಡೆದ ಮೂರೂ ತಗಡಿಗೆ ತಾಗಿದವು. ತಿರುಗಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ವಿಡಿಯೋ ಮುಗಿಯಿತು, ಹೊರಡಬೇಕಿತ್ತು. ದೊಡ್ಡ ಮನುಷ್ಯನಿಗೆ ತಾನೂ ಒಂದು ಹೊಡೆಯಬೇಕು ಅನಿಸಿತು. ಪಿಸ್ತೂಲು ತೆಗೆದುಕೊಂಡು ತಗಡಿನ ಹತ್ತಿರ ಹತ್ತಿರ ಹೋದ. ಸಾಹೇಬರು "ಸರ್, ಇಷ್ಟು ಹತ್ತಿರ ಬ್ಯಾಡ್ರಿ," ಅಂದರು. ಮಾರುವವನು "ಕುಛ್ ನಹೀ ಹೋತಾ," ಅಂದ. ದೊಡ್ಡ ಮನುಷ್ಯ ಅಕ್ಕನನ್ನು ಕರೆದು, ಪಕ್ಕದಲ್ಲಿ ನಿಂತು ಹೇಳಿಕೊಡುವಂತೆ ನಿಲ್ಲು ಎಂದ. ಅದೂ ಫೋಟೋಕ್ಕಾಗಿಯೇ. ಅವಳು ಅವನ ಎಡಕ್ಕೆ ನಿಂತು, ಮೊಣಕೈ ಹೀಗೆ ಎಂದು ತೋರಿಸಿದಳು. ಅವನು ಹೊಡೆದ.

ಅಕ್ಕ ಕೂಗಲಿಲ್ಲ. ಕೈಯಿಂದ ಮುಖ ಮುಚ್ಚಿಕೊಂಡು, ದಣಿದವರು ಕೂಡುವ ಹಾಗೆ, ಮೆಲ್ಲಗೆ ನೆಲಕ್ಕೆ ಕುಳಿತಳು. ಬೆರಳ ಸಂದಿಯಿಂದ ರಕ್ತ ಇಳಿಯಿತು. ನಾನು ಓಡಿ ಹೋಗಿ ಹಿಡಿದೆ.

"ಏನಾತು ಅಕ್ಕಾ? ಕೈ ತೆಗಿ, ನೋಡ್ತೀನಿ."

"ಕಣ್ಣಾಗ ಬೆಂಕಿ ಬಿದ್ದಂಗಾಗ್ಯದ ತಂಗಿ," ಅಂದಳು. ಕೈ ತೆಗೆಯಲಿಲ್ಲ.

ದೊಡ್ಡ ಮನುಷ್ಯನ ಕಾರು ನಮ್ಮ ಜೀಪಿಗಿಂತ ಮೊದಲು ಹೊರಟಿತು, ಬೇರೆ ದಿಕ್ಕಿಗೆ. ಅವನನ್ನು ನಾನು ಮತ್ತೆ ನೋಡಲಿಲ್ಲ. ಮಾರುವವನೂ ಅದೇ ಕಾರಿನಲ್ಲಿ ಹೋದ. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಜೀಪಿನ ಹಿಂದೆ ಕುಳಿತೆ. ಶಹಾಬಾದಿನ ದವಾಖಾನೆಯಲ್ಲಿ ಹತ್ತಿ ಇಟ್ಟು ಪಟ್ಟಿ ಕಟ್ಟಿ ಕಲಬುರಗಿಗೆ ಕಳಿಸಿದರು. ದಾರಿಯಲ್ಲಿ ಸಾಹೇಬರು ಮುಂದಿನ ಸೀಟಿನಿಂದ ತಿರುಗಿ ನೋಡದೆ ಹೇಳಿದರು: "ಕಲ್ಲಿನ ಚೂರು ಬಡೀತು ಅಂತ ಹೇಳ್ರಿ. ಗುಂಡಂದ್ರ ಪೊಲೀಸ್ ಕೇಸ್ ಆಗ್ತದ, ಡಾಕ್ಟರ್ ಮುಟ್ಟೂದಿಲ್ಲ. ಮೊದಲು ಕಣ್ಣು ಉಳೀಲಿ."

ಕಣ್ಣು ಉಳಿಯಲಿಲ್ಲ. ಕಲಬುರಗಿಯ ಕಣ್ಣಿನ ಡಾಕ್ಟರು ಆಪರೇಷನ್ ಮುಗಿಸಿ ಬಂದು, ನಮ್ಮಿಬ್ಬರನ್ನೇ ನೋಡಿ ಕೇಳಿದರು. ಸಾಹೇಬರು ಆಗ ಹೊರಗೆ ಫೋನಿನಲ್ಲಿದ್ದರು.

"ಕಲ್ಲಂತ ಬರಸೀರಿ. ಒಳಗ ಸಿಕ್ಕಿದ್ದು ಕಲ್ಲಲ್ಲ, ತಾಮ್ರ ಇದ್ದಂಗದ. ತಾಮ್ರ ಕಣ್ಣಿಗಿ ಭಾಳ ಕೆಟ್ಟದ್ದು. ನೀವು ಎಲ್ಲಿ ಕೆಲಸಾ ಮಾಡ್ತೀರಿ?"

ಅಕ್ಕ ಎಚ್ಚರವಿದ್ದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಚಾವಣಿಯ ಮೇಲೆ. ನಾನು "ಸಿಮೆಂಟ್ ಫ್ಯಾಕ್ಟರಿದಾಗ್ರಿ" ಅಂದೆ. ಡಾಕ್ಟರು ಇನ್ನೂ ಏನೋ ಕೇಳಬೇಕೆಂದು ನಿಂತರು, ಆಮೇಲೆ ಬೇಡವೆಂದು ಹೋದರು.

ಮುಂದೆ ವಿಚಾರಣೆ ಎಂದು ಒಂದು ನಡೆಯಿತು. ಏಜೆನ್ಸಿಯವರೇ ಮಾಡಿಕೊಂಡದ್ದು, ಕಾರ್ಖಾನೆಯ ಒಬ್ಬ ಅಧಿಕಾರಿ ಪಕ್ಕದಲ್ಲಿ ಕುಳಿತಿದ್ದ. ಏಸಿ ಕೋಣೆ, ನಮಗೂ ಬಾಟಲಿ ನೀರು ಇಟ್ಟಿದ್ದರು. ಮೊದಲು ನನ್ನನ್ನು ಕೇಳಿದರು. ನಾನು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಗುಂಡಿನ ಚೂರನ್ನು ಹಿಂದಕ್ಕೆ ಸಿಡಿಸಿದ ತಗಡಿನ ಗುಳಿ, ಕನ್ನಡಕ, ಯಾರು ಹೊಡೆದರು, ಎಷ್ಟು ಹತ್ತಿರ ನಿಂತಿದ್ದರು, ಡಾಕ್ಟರು ಏನಂದರು, ಎಲ್ಲ. ಅಕ್ಕ ಪಕ್ಕದಲ್ಲಿದ್ದಾಳೆ ಎಂಬ ಧೈರ್ಯವಿತ್ತು.

ಆಮೇಲೆ ಅವಳನ್ನು ಕೇಳಿದರು.

"ಖಣಿದಾಗ ಕಾಲು ಜಾರಿ ಬಿದ್ದೆ," ಅಂದಳು. "ಫರ್ಸಿ ಚೂರು ಕಣ್ಣಿಗಿ ಹೊಕ್ಕಿತು. ಗುಂಡು ಗಿಂಡು ಏನೂ ಇಲ್ಲ. ಈಕಿ ದೂರ ನಿಂತಿದ್ಲು, ಈಕಿಗಿ ಕಂಡಿಲ್ಲ."

ನಾನು ಅವಳ ಮುಖ ನೋಡಿದೆ. ಪಟ್ಟಿ ಕಟ್ಟಿದ ಕಡೆಯೇ ನನ್ನತ್ತ ಇತ್ತು. ಅವಳಿಗೆ ನಾನು ಕಾಣುತ್ತಿರಲಿಲ್ಲ. ಬೇಕೆಂದೇ ಹಾಗೆ ಕುಳಿತಿದ್ದಳೋ ಏನೋ.

ಅಧಿಕಾರಿ ನನ್ನ ಕಡೆ ತಿರುಗಿದ. "ಪೆಟ್ಟಾದವರೇ ಹೀಂಗ ಹೇಳ್ಲಿಕತ್ತಾರ. ನೀವ್ಯಾಕ ಸುಳ್ಳು ಹೇಳ್ತೀರಿ? ಯಾರರೆ ಹೇಳಿಕೊಟ್ಟಾರೇನು?"

ಗೇಟಿನ ಹೊರಗಿನ ಚಹಾದಂಗಡಿಯ ಹತ್ತಿರ ಅವಳನ್ನು ತಡೆದು ನಿಲ್ಲಿಸಿದೆ.

"ನನ್ನ ಸುಳ್ಳಿ ಮಾಡಿದಿ ಅಕ್ಕಾ."

"ಮಾಡಿದೆ," ಅಂದಳು. "ಖರೆ ಹೇಳಿದ್ರ ಕಣ್ಣು ಬರ್ತದೇನು? ನನ್ನ ಮಗಳಿಗಿ ನೌಕರಿ ಕೊಡ್ತೀವಂದಾರ. ಪರ್ಮನೆಂಟ್."

"ಅವರ ಮಾತು ನಂಬ್ತೀಯೇನು? ಏನೂ ಆಗಂಗಿಲ್ಲ ಅಂತ ಹೇಳಿದವರೂ ಅವರೇ ಅಲ್ಲ?"

"ನಂಬದೆ ಏನ್ ಮಾಡ್ಲಿ? ನಿನಗ ಗಂಡ ಅದಾನ. ರೈಲ್ವೆ ಪಗಾರ ಬರ್ತದ. ಖರೆ ಹೇಳ್ಲಿಕ್ಕಿ ನಿನಗ ಪರವಡ್ತದ. ನನಗ ಪರವಡಂಗಿಲ್ಲ ತಂಗಿ."

ತಂಗಿ ಎಂದದ್ದೇ ನನಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ಜಗಳವಾಡುತ್ತಿದ್ದೆ. ಅವಳು ಹೇಳಿದ್ದು ನಿಜವೂ ಆಗಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಅಲ್ಲಿಂದ ಒಬ್ಬಳೇ ನಡೆದುಕೊಂಡು ಬಂದೆ, ಟಂಟಂ ಸಿಗುವವರೆಗೆ.

ಮರುವಾರ ನನ್ನನ್ನು ತಾಂಡೂರಿನ ಆಚೆ ಇನ್ನೊಂದು ಕಡೆಗೆ ವರ್ಗ ಮಾಡಿದರು. ಹೋಗಲಾರೆ ಎಂದು ಅವರಿಗೂ ಗೊತ್ತಿತ್ತು. ಮಕ್ಕಳು ಸಣ್ಣವರು. ಖಾಕಿ ಅಂಗಿ ಮಡಚಿ ವಾಪಸು ಕೊಟ್ಟು ಬಂದೆ. ಒಂದು ದಿನ ಗಂಡನಿಗೆ ಹೇಳದೆ ಪೊಲೀಸ್ ಠಾಣೆಗೂ ಹೋದೆ. ಅಲ್ಲಿದ್ದವರು ಕುಂದ್ರಿ ಅಂದರು, ಕೇಳಿಸಿಕೊಂಡರು. "ಪೆಟ್ಟಾದಾಕಿ ಕಂಪ್ಲೇಂಟ್ ಕೊಟ್ಟಾಳೇನು?" ಎಂದು ಕೇಳಿದರು. ಇಲ್ಲ ಅಂದೆ. "ಮತ್ತ ನಿಮ್ದೇನು ಇದರಾಗ?" ಅಂದರು. ಎದ್ದು ಬಂದೆ.

ಗಂಡನಿಗೆ ಹೇಗೋ ಗೊತ್ತಾಯಿತು. ಕೂಗಾಡುವ ಮನುಷ್ಯನಲ್ಲ ಅವನು. ಊಟಕ್ಕೆ ಕುಳಿತಾಗ, "ಆಕಿನೇ ಬ್ಯಾಡ ಅಂದಮ್ಯಾಲ ನೀ ಯಾಕ ತಲಿ ಕೊಡ್ತಿ?" ಎಂದು ಅಷ್ಟೇ ಕೇಳಿದ. ಗೋಡೆಯ ಮೇಲಿದ್ದ ಬುದ್ಧನ ಚಿತ್ರದ ಕೆಳಗೆ ನಾನು ಆ ರಾತ್ರಿ ದೀಪ ಹಚ್ಚಲಿಲ್ಲ. ಯಾರ ಮೇಲಿನ ಸಿಟ್ಟು ಎಲ್ಲಿ ತೀರಿಸಿದೆನೋ.

ಸಾಹೇಬರು ಒಮ್ಮೆ ನಮ್ಮ ಮನೆಗೆ ಬಂದಿದ್ದರು. ಕೆಲಸ ಬಿಟ್ಟು ಊರಿಗೆ ಹೊರಟಿದ್ದರು, ದಾರಿಯಲ್ಲಿ ವಾಡಿಯಲ್ಲಿ ರೈಲು ಬದಲಿಸಬೇಕಿತ್ತು. ಕುರ್ಚಿಯ ತುದಿಯಲ್ಲಿ ಕುಳಿತರು.

"ಬೇಟಾ, ನೀ ಹೇಳಿದ್ದು ಖರೆ ಇತ್ತು," ಅಂದರು.

"ಇದನ್ನ ಅಲ್ಲಿ ಹೇಳ್ರಿ ಸಾಹೇಬರ. ನಮ್ಮ ಮನಿದಾಗ ಹೇಳಿದ್ರ ಏನ್ ಬಂತು?"

"ನನ್ನ ಹೆಸರು ಹಾಳಾಗ್ತದ. ಇಷ್ಟು ವರ್ಷ ಫೌಜಿದಾಗ ಒಂದು ಕಲೆ ಇಲ್ಲದಂಗ ಇದ್ದೀನಿ."

ಚಹಾ ಮಾಡಿದ್ದೆ. ಕೊಡಲಿಲ್ಲ. ಒಲೆಯ ಮೇಲೆಯೇ ಇತ್ತು, ಅವರಿಗೂ ವಾಸನೆ ಹೋಗಿರಬೇಕು. ಟೋಪಿ ಹಾಕಿಕೊಂಡು ಎದ್ದು ಹೋದರು. ಒಳ್ಳೆಯ ಮನುಷ್ಯ ಎಂದು ನಾನು ಅವರ ಬಗ್ಗೆ ಎಷ್ಟು ಜನರಿಗೆ ಹೇಳಿದ್ದೆ.

ಈಗ ನಾನು ವಾಡಿ ಬಜಾರದ ಒಂದು ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮು ಹೊಲಿಯುತ್ತೇನೆ. ಅಕ್ಕ ನಮ್ಮ ಓಣಿಯ ಕೋಣೆ ಬಿಟ್ಟು ಕಾರ್ಖಾನೆಯ ಹತ್ತಿರದ ಹಳ್ಳಿಗೆ ಹೋಗಿದ್ದಳು. ಮೂರು ವರ್ಷ ಅವಳ ಮುಖ ನೋಡಿರಲಿಲ್ಲ. ಹೋದ ಬೇಸಿಗೆಯಲ್ಲಿ, ತವರಿಗೆ ಹೋಗಬೇಕೆಂದು ವಾಡಿ ಸ್ಟೇಷನ್ನಿಗೆ ಹೋದಾಗ, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕಪ್ಪು ಕನ್ನಡಕದ ಎತ್ತರದ ಹೆಂಗಸು ಕುಳಿತಿದ್ದಳು. ನೋಡದ ಹಾಗೆ ದಾಟಿ ಹೋಗುತ್ತಿದ್ದೆ. ಅವಳೇ ಕರೆದಳು.

"ಕುಂದ್ರು. ಗಾಡಿ ಲೇಟದ."

ಕುಳಿತೆ. ಏನು ಮಾತಾಡುವುದು? ಮಕ್ಕಳು ಎಷ್ಟನೇ ಇಯತ್ತೆ ಎಂದು ಕೇಳಿದಳು. ಹೇಳಿದೆ. ಮಗಳ ನೌಕರಿ ಏನಾಯಿತು ಎಂದು ನಾನು ಕೇಳಿದೆ.

"ವೇಬ್ರಿಡ್ಜಿನ್ಯಾಗ ಅದಾಳ. ಲಾರಿ ತೂಕದ ಚೀಟಿ ಕೊಡ್ತಾಳ. ಅದೇ ಏಜೆನ್ಸಿ ಕೆಳಗ, ಗುತ್ತಿಗಿ. ಪರ್ಮನೆಂಟ್ ಆಗ್ತದ, ಆಗ್ತದ ಅಂತಾರ."

"ಮತ್ತ ನೀನು?"

"ಗೆಸ್ಟ್ ಹೌಸಿನ್ಯಾಗ ಹಾಸಿಗಿ ಬದಲಿ ಮಾಡ್ತೀನಿ. ಹೆಡ್ ಆಫೀಸಿನವರು ಬಂದ್ರ ಅಲ್ಲೇ ಇಳೀತಾರ." ಕನ್ನಡಕ ಸರಿಮಾಡಿಕೊಂಡು ಅಂದಳು, "ಅವ ಮಾತ್ರ ಬಂದಿಲ್ಲ ಇನ್ನಾ."

ಬಂದರೆ ಏನು ಮಾಡುತ್ತಿ ಎಂದು ನಾನು ಕೇಳಲಿಲ್ಲ. ಹಾಸಿಗೆ ಹಾಸುತ್ತಾಳೆ, ಮತ್ತೇನು.

ಗಾಡಿ ಬರುವ ಮೊದಲು ಅವಳು ನನ್ನ ಕೈ ಹಿಡಿದಳು. "ಒಂದು ಮಾತು ತಂಗಿ. ಮಗಳು ಕೇಳ್ಲಿಕತ್ತಾಳ. ಅಲ್ಲಿ ಯಾರೋ ಏನೋ ಅಂದಾರ ಆಕಿಗಿ. ನಿನ್ನ ಹತ್ತರ ಬಂದ್ರ ಕಲ್ಲು ಅಂತ ಹೇಳು. ನನ್ನ ಕಣ್ಣಿನ ಮ್ಯಾಲ ತನ್ನ ನೌಕರಿ ಅಂತ ಗೊತ್ತಾದ್ರ ಆಕಿ ಬಿಟ್ಟುಬಿಡ್ತಾಳ. ಆಕಿ ಸಿಟ್ಟು ನಿನಗ ಗೊತ್ತಿಲ್ಲ."

ನಾನು ಕೈ ಬಿಡಿಸಿಕೊಂಡು ಗಾಡಿ ಹತ್ತಿದೆ. ಒಳಗೆ ಕುಳಿತ ಮೇಲೆ ಮೈಯೆಲ್ಲ ಉರಿಯಿತು. ಅವತ್ತು ನಾನು ಹೇಳಲೊಪ್ಪದೆ ಕೆಲಸ ಕಳೆದುಕೊಂಡ ಸುಳ್ಳನ್ನೇ ಈಗ ನನ್ನ ಬಾಯಿಂದ ಹೇಳಿಸಲು ನೋಡುತ್ತಿದ್ದಾಳಲ್ಲ.

ಮಗಳು ಬಂದದ್ದು ಮಳೆಗಾಲ ಶುರುವಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ. ತಾಯಿಯಷ್ಟೇ ಎತ್ತರ ಬೆಳೆದಿದ್ದಳು. ಕುತ್ತಿಗೆಯಲ್ಲಿ ಏಜೆನ್ಸಿಯ ಕಾರ್ಡು. ಎರಡನೇ ಪಾಳಿಗೆ ಹೋಗುವವಳು, ಹೊತ್ತು ಹೆಚ್ಚಿಲ್ಲ ಎಂದು ನಿಂತೇ ಮಾತಾಡಿದಳು.

"ಸಣ್ಣವ್ವಾ, ಅವ್ವನ ಕಣ್ಣು ಹೆಂಗ ಹೋಯ್ತು?"

ರೈಲಿನಲ್ಲಿ, ಹೊಲಿಗೆ ಯಂತ್ರದ ಮುಂದೆ, ಎಷ್ಟೋ ಸಲ ಈ ಪ್ರಶ್ನೆಗೆ ನಾನು ಉತ್ತರ ಕಟ್ಟಿಕೊಂಡಿದ್ದೆ. ಒಮ್ಮೆ ಕಲ್ಲು ಅನ್ನುವುದು, ಒಮ್ಮೆ ನಿಮ್ಮವ್ವನನ್ನೇ ಕೇಳು ಅನ್ನುವುದು. ಆ ಹುಡುಗಿ ಎದುರಿಗೆ ನಿಂತಾಗ ಯಾವುದೂ ಬಾಯಿಗೆ ಬರಲಿಲ್ಲ. ಕೂಡಿಸಿ ಎಲ್ಲ ಹೇಳಿದೆ. ಕೆಂಪು ಗುಂಡಿನಿಂದ ಹಿಡಿದು ವಿಚಾರಣೆಯ ಕೋಣೆಯವರೆಗೆ. ಅವಳು ಅಳಲಿಲ್ಲ. ನಡುವೆ ಒಂದು ಸಲ, "ಅವ ಹೊಡದಾಗ ಅವ್ವ ಯಾವ ಕಡೆ ನಿಂತಿದ್ಲು?" ಎಂದು ಕೇಳಿದಳು. ತೋರಿಸಿದೆ. ತಲೆ ಆಡಿಸಿದಳು.

"ನನಗ ಗೊತ್ತಿತ್ತು ಸಣ್ಣವ್ವಾ," ಅಂದಳು ಕೊನೆಗೆ. "ಸೇರಿದ ತಿಂಗಳದಾಗೇ ಗೊತ್ತಾಗಿತ್ತು. ಅಲ್ಲಿ ಎಲ್ಲರಿಗೂ ಗೊತ್ತದ. ಬಾಯಿ ಬಿಡಂಗಿಲ್ಲ ಅಷ್ಟೇ."

"ಮತ್ತ ನನ್ನ ಯಾಕ ಕೇಳಿದಿ?"

"ನೀನರ ಖರೆ ಹೇಳ್ತಿ ಏನು, ನೋಡಬೇಕಿತ್ತು."

ನಿಮ್ಮವ್ವ ಅಂಜಿದ್ದಾಳೆ, ನೀನು ನೌಕರಿ ಬಿಟ್ಟುಬಿಡುತ್ತಿ ಎಂದು, ಅಂದೆ.

ಅವಳು ನಕ್ಕಳು. ತಾಯಿ ಗೋದಾಮಿನಲ್ಲಿ ನಗುತ್ತಿದ್ದ ನಗುವಲ್ಲ ಅದು. "ಬಿಟ್ಟು ಎಲ್ಲಿ ಹೋಗ್ಲಿ? ಬಿಟ್ರ ಅವ್ವನ ಕಣ್ಣು ಫುಕಟ್ ಹೋದಂಗ ಆಗ್ತದ. ಪರ್ಮನೆಂಟ್ ಮಾಡೋತನಕಾ ಅಲ್ಲೇ ಕುಂದ್ರಾಕಿ ನಾ. ನೀ ನನಗ ಹೇಳಿದ್ದು ಅವ್ವಗ ಹೇಳಬ್ಯಾಡ. ಕಲ್ಲು ಅಂತೇ ಇರ್ಲಿ."

ಚಹಾ ಕೊಟ್ಟೆ, ಕುಡಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನ ಹೊಲಿಗೆ ಯಂತ್ರ ನೋಡಿ, ಇದರಲ್ಲಿ ಎಷ್ಟು ಸಿಗುತ್ತದೆ ಎಂದು ವಿಚಾರಿಸಿದಳು. ಮಳೆ ಹನಿಯುತ್ತಿತ್ತು. ಕೊಡೆ ಬೇಡ ಎಂದು ಕಾರ್ಡನ್ನು ಅಂಗಿಯೊಳಗೆ ಸೇರಿಸಿಕೊಂಡು ಟಂಟಂ ನಿಲ್ಲುವ ಕಡೆಗೆ ನಡೆದಳು.

ಸಂಜೆ ಗಂಡ ಡ್ಯೂಟಿಯಿಂದ ಬಂದವನು ತೊಳೆಯದೆ ಇಟ್ಟ ಎರಡು ಕಪ್ಪು ನೋಡಿ, "ಯಾರ್ ಬಂದಿದ್ರು?" ಎಂದು ಕೇಳಿದ.

"ಅಕ್ಕನ ಮಗಳು."

"ಏನಂತ?"

ತಾಯಿ ಮಗಳು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡಿದ್ದಾರೆ, ಇಬ್ಬರಿಗೂ ನಿಜ ಗೊತ್ತಿದೆ, ಇಬ್ಬರ ಗುಟ್ಟಿಗೂ ನಾನೇ ಕಾವಲು ನಿಲ್ಲಬೇಕಂತೆ ಎಂದು ಅವನಿಗೆ ಹೇಗೆ ಹೇಳಲಿ?

"ಏನಿಲ್ಲ, ಸುಮ್ಮ ಬಂದಿದ್ಲು," ಅಂದೆ. ಕಪ್ಪು ತೆಗೆದುಕೊಂಡು ಬಚ್ಚಲಿಗೆ ಹೋದೆ.